ದೊಡ್ಡ ಗೆಲುವು ಯಾವುದು? ಕಟ್ಟೆ ಮೇಲಿನ ಒಂದು ಜಗಳ



ಮೊನ್ನೆ ರವಿವಾರ ಸಂಜೆ ನಮ್ಮ ಸಿರಸಂಗಿಯಲ್ಲಿ ಚಾದಂಗಡಿ ಮುಂದಿನ ಕಟ್ಟೆ ಮೇಲೆ ಜೋರು ವಾದ. ಎಲೆಕ್ಷನ್ ಬಗ್ಗೆ ಅಲ್ಲ, ಬಾಕ್ಸಿಂಗ್ ಬಗ್ಗೆ! ಕಾಲೇಜು ಓದೋ ಹುಡುಗನೊಬ್ಬ ಮೊಬೈಲಿನಲ್ಲಿ ಮಹಮ್ಮದ್ ಅಲಿಯ ಹಳೇ ವಿಡಿಯೊ ತೋರಿಸುತ್ತ, "ಅಣ್ಣಾ, ಇದಕ್ಕಿಂತ ದೊಡ್ಡ ಗೆಲುವು ಜಗತ್ತಿನ್ಯಾಗ ಯಾವ ಬಾಕ್ಸರೂ ಗೆದ್ದಿಲ್ಲ" ಅಂದ. 1974ರ ಅಕ್ಟೋಬರ್ 30, ಕಿನ್ಶಾಸಾ ಪಟ್ಟಣ, ಎಂಟನೇ ಸುತ್ತು, ಜಾರ್ಜ್ ಫೋರ್‌ಮನ್ ನೆಲಕ್ಕೆ.

ಮಿಲಿಟರಿಯಿಂದ ನಿವೃತ್ತರಾಗಿ ಬಂದ ಕಾಕಾ ಒಬ್ಬರು ಒಪ್ಪಲಿಲ್ಲ. "ಜೋ ಲೂಯಿಸ್ ಹೆಸರು ಕೇಳೀಯೇನೋ? ಹಿಟ್ಲರ್ ಮೆರೆಸಿದ ಪೈಲ್ವಾನನ್ನ ಎರಡು ನಿಮಿಷದಾಗ ಮಲಗಿಸಿದಾಂವ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ನೀ ಓದ್ಕೊಂಡಾಂವ, ನೀನ ಹೇಳು" ಅಂದರು.

ನಾನು ಹೇಳಿದ ಹೆಸರನ್ನು ಇಬ್ಬರೂ ಕೇಳಿರಲಿಲ್ಲ. ಜ್ಯಾಕ್ ಜಾನ್ಸನ್. ಊರು ಸಿಡ್ನಿ, ತಾರೀಖು 1908ರ ಡಿಸೆಂಬರ್ 26. ಅವತ್ತು ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗ್ತದೆ, ತಾಳ್ಮೆಯಿಂದ ಓದ್ರಿ.

ಮೊದಲು ಒಂದು ಮಾತು ನೆನಪಿಡಿ. ಕ್ರಿಕೆಟ್‌ನಲ್ಲಿ ಇಬ್ಬರ ನಡುವೆ ಚೆಂಡು ಇರ್ತದೆ. ಕುಸ್ತಿ, ಬಾಕ್ಸಿಂಗ್ ಹಾಗಲ್ಲ, ಅವು ಮುಟ್ಟುವ ಆಟಗಳು. ಮುಟ್ಟದೆ ಸೋಲಿಸೋಕೂ ಆಗಲ್ಲ, ಸೋಲೋಕೂ ಆಗಲ್ಲ. ಅದೇ ಕಾಕಾ ಹೇಳಿದ್ದು: ಅವರು ಬೆಳೆದ ಊರಲ್ಲಿ ನಮ್ಮ ಕೇರಿ ಹುಡುಗರನ್ನು ಗರಡಿ ಮನೆಯೊಳಗೆ ಬಿಡ್ತಿರಲಿಲ್ಲವಂತೆ. ಹುಡುಗರು ಹಳ್ಳದ ದಂಡೆ ಮೇಲೆ ಮಣ್ಣು ಹದ ಮಾಡಿಕೊಂಡು ತಮ್ಮತಮ್ಮಲ್ಲೇ ಆಡ್ತಿದ್ದರಂತೆ. "ನಮ್ಮ ಪೈಕಿ ಯಾಂವ ಗಟ್ಟಿ ಅನ್ನೋದು ಗೊತ್ತಿತ್ತು. ಊರಾಗ ಯಾಂವ ಗಟ್ಟಿ ಅನ್ನೋದು ಯಾರಿಗೂ ಗೊತ್ತಾಗಲಿಲ್ಲ" ಅಂದರು ಕಾಕಾ.

ಈ ಮಾತನ್ನೇ ಅಮೆರಿಕಕ್ಕೆ ಒಯ್ಯಿರಿ. ಅಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ 1865ರಲ್ಲಿ ಮುಗಿಯಿತು. 1882ರಲ್ಲಿ ಹೆವಿವೇಟ್ ಚಾಂಪಿಯನ್ ಆದ ಜಾನ್ ಎಲ್. ಸಲಿವನ್, ಕಪ್ಪು ಜನರ ಜೊತೆ ಆಡೋದಿಲ್ಲ ಅಂತ ಬಹಿರಂಗವಾಗೇ ಹೇಳಿಬಿಟ್ಟ. ಪೀಟರ್ ಜ್ಯಾಕ್ಸನ್ ಅನ್ನೋ ಆ ಕಾಲದ ಮಹಾ ಬಾಕ್ಸರ್ ಆ ಪಟ್ಟಕ್ಕೆ ಆಡುವ ಒಂದೇ ಒಂದು ಅವಕಾಶವೂ ಸಿಗದೆ ಮುಗಿದುಹೋದ. ಹಾಗಾದರೆ ಕಪ್ಪು ಬಾಕ್ಸರ್‌ಗಳಿಗೆ ಏನು ಕೊಟ್ಟರು? "ಕಲರ್ಡ್ ಚಾಂಪಿಯನ್" ಅಂತ ಒಂದು ಬೇರೆ ಪಟ್ಟ. ಹೋಟೆಲಿನ ಹೊರಗೆ ಮಾಡದಲ್ಲಿ ನಮಗಾಗಿ ಇಟ್ಟ ಬೇರೆ ಕಪ್ಪು-ಬಸಿ ಇದ್ದಂಗೆ! ಚಹಾ ಅದೇ, ಮುಟ್ಟುವ ಕಪ್ಪು ಮಾತ್ರ ಬೇರೆ.

ಜ್ಯಾಕ್ ಜಾನ್ಸನ್ ಹುಟ್ಟಿದ್ದು 1878ರಲ್ಲಿ, ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ನಿನಲ್ಲಿ. ಅಪ್ಪ ಅವ್ವ ಇಬ್ಬರೂ ಗುಲಾಮರಾಗಿದ್ದವರು. 1903ರಲ್ಲಿ ಆ ಬೇರೆ ಪಟ್ಟ ಗೆದ್ದ. ಅಷ್ಟಕ್ಕೇ ಸಮಾಧಾನ ಆಗಲಿಲ್ಲ, ನಿಜವಾದ ಪಟ್ಟ ಬೇಕು ಅಂದ. ಆಗಿನ ಚಾಂಪಿಯನ್ ಜಿಮ್ ಜೆಫ್ರಿಸ್ ಒಲ್ಲೆ ಅಂದ, 1905ರಲ್ಲಿ ಸೋಲಿಲ್ಲದವನಾಗೇ ನಿವೃತ್ತನೂ ಆದ. ಮುಂದೆ ಪಟ್ಟ ಟಾಮಿ ಬರ್ನ್ಸ್ ಕೈಗೆ ಬಂತು. ಜಾನ್ಸನ್ ಅವನ ಬೆನ್ನು ಬಿಡಲಿಲ್ಲ. ಬರ್ನ್ಸ್ ಇಂಗ್ಲೆಂಡಿಗೆ ಹೋದರೆ ಇವನೂ ಹೋದ, ಆಸ್ಟ್ರೇಲಿಯಾಕ್ಕೆ ಹೋದರೆ ಅಲ್ಲಿಗೂ ಹೋದ. ಕೊನೆಗೆ ಬರ್ನ್ಸ್ 30,000 ಡಾಲರ್ ಕೇಳಿದ. ಅಷ್ಟು ದೊಡ್ಡ ಮೊತ್ತ ಯಾರೂ ಕೊಡಲಾರರು ಅನ್ನೋ ಲೆಕ್ಕ ಇದ್ದೀತು. ಸರ್ಕಾರಿ ಕಚೇರಿಯಲ್ಲಿ ಕುಂತು ಕೆಲಸ ಮಾಡೋ ನನಗೆ ಇದು ಗೊತ್ತಿರೋ ಆಟ. 'ಇಲ್ಲ' ಅಂತ ಬಾಯಿಬಿಟ್ಟು ಹೇಳೋದೇ ಬೇಡ, ಇನ್ನೊಂದು ಕಾಗದ ತಗೊಂಡು ಬಾ ಅಂದರೆ ಸಾಕು. ಆದರೆ ಸಿಡ್ನಿಯಲ್ಲಿ ಮ್ಯಾಕಿಂಟಾಶ್ ಅನ್ನೋ ಸಂಘಟಕ ಆ ದುಡ್ಡು ಹೊಂದಿಸಿಬಿಟ್ಟ. ಜಾನ್ಸನ್‌ಗೆ 5,000 ಡಾಲರ್. ಅದಕ್ಕೂ ಇವನು ಹೂಂ ಅಂದ.

ಆಟ ಹದಿನಾಲ್ಕನೇ ಸುತ್ತಿನವರೆಗೆ ನಡೀತು. ಬರ್ನ್ಸ್ ನಿಲ್ಲಲಾರದ ಸ್ಥಿತಿಗೆ ಬಂದಾಗ ಪೊಲೀಸರು ನಡುವೆ ಬಂದು ನಿಲ್ಲಿಸಿದರು. ಚಿತ್ರೀಕರಣ ಮಾಡ್ತಿದ್ದ ಕ್ಯಾಮೆರಾವನ್ನೂ ಬಂದ್ ಮಾಡಿಸಿದರು. ಬಿಳಿಯ ಚಾಂಪಿಯನ್ ಕಪ್ಪು ಮನುಷ್ಯನ ಕೈಯಲ್ಲಿ ಬೀಳೋದನ್ನು ಜಗತ್ತು ನೋಡಬಾರದಿತ್ತು.

ಬಹಳ ಜನ ಬರೆಯೋದು 1910ರ ಜುಲೈ 4ರ ರೆನೊ ಪಂದ್ಯದ ಬಗ್ಗೆ. ನಿವೃತ್ತನಾಗಿದ್ದ ಜೆಫ್ರಿಸ್‌ನನ್ನು, ಬಿಳಿಯರ ಮಾನ ಉಳಿಸು ಅಂತ ಮತ್ತೆ ಕಣಕ್ಕೆ ಕರೆತಂದರು. ಹದಿನೈದನೇ ಸುತ್ತಿನಲ್ಲಿ ಅವನೂ ಸೋತ. ಅದು ದೊಡ್ಡ ಗೆಲುವೇ, ಇಲ್ಲ ಅನ್ನಲ್ಲ. ಆದರೆ ಸಿಡ್ನಿಯಲ್ಲಿ ಗೆರೆ ದಾಟಿದ್ದಕ್ಕೇ ರೆನೊ ಆಯಿತು. ಅದು ಅವರ ಸೇಡಿನ ಪಂದ್ಯ.

ರೆನೊ ಆದ ರಾತ್ರಿ ಏನಾಯ್ತು ಗೊತ್ತೇ? ಅಮೆರಿಕದ ಎಷ್ಟೋ ಪಟ್ಟಣಗಳಲ್ಲಿ ಖುಷಿಪಟ್ಟ ಕಪ್ಪು ಜನರ ಮೇಲೆ ಬಿಳಿಯರ ಗುಂಪುಗಳು ಬಿದ್ದವು. ಹತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. 1912ರಲ್ಲಿ ಬಾಕ್ಸಿಂಗ್ ಸಿನಿಮಾಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯಬಾರದು ಅಂತ ಕಾಯ್ದೆಯನ್ನೇ ಮಾಡಿದರು.

ಇದನ್ನು ಓದುವಾಗ ನನಗೆ ಮಹಾಡ್ ನೆನಪಾಗ್ತದೆ. 1927ರ ಮಾರ್ಚ್ 20. ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಅಲ್ಲಿನ ಮುನ್ಸಿಪಾಲಿಟಿ ಮೊದಲೇ ಠರಾವು ಮಾಡಿತ್ತು. ಕಾಗದದಲ್ಲಿ ಅಡ್ಡಿ ಇರಲಿಲ್ಲ. ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ನೀರು ಮುಟ್ಟಿದರು. ಅದೇ ದಿನ ನಮ್ಮವರ ಮೇಲೆ ಹಲ್ಲೆ ಆಯಿತು. ಆಮೇಲೆ 108 ಕೊಡ ಪಂಚಗವ್ಯ ಸುರಿದು ಕೆರೆ ಶುದ್ಧ ಮಾಡಿಕೊಂಡರು! ಒಂದು ಕಡೆ ಬೊಗಸೆ ನೀರು, ಇನ್ನೊಂದು ಕಡೆ ಒಂದು ಮುಷ್ಟಿ. ಎರಡರಲ್ಲೂ ಅವರನ್ನು ಕೆರಳಿಸಿದ್ದು ಮುಟ್ಟಿದ್ದೇ.

ಕಾಕಾರ ಲೂಯಿಸ್‌ಗೆ ಬರ್ತೀನಿ. ಜಾನ್ಸನ್ 1915ರಲ್ಲಿ ಹವಾನಾದಲ್ಲಿ ಸೋತ ಮೇಲೆ ಬಾಗಿಲು ಮತ್ತೆ ಬಿತ್ತು. ಕಪ್ಪು ಮನುಷ್ಯನಿಗೆ ಮತ್ತೆ ಪಟ್ಟಕ್ಕೆ ಆಡಲು ಬಿಟ್ಟದ್ದು 22 ವರ್ಷದ ಮೇಲೆ, 1937ರಲ್ಲಿ. ಅವನೇ ಜೋ ಲೂಯಿಸ್. 1938ರ ಜೂನ್ 22ರಂದು ಜರ್ಮನಿಯ ಶ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮುಗಿಸಿದ. ಇಡೀ ಅಮೆರಿಕ, ಬಿಳಿಯರೂ ಸೇರಿ, ಕುಣಿಯಿತು. ಆದರೆ ಅವನ ಮೇಲ್ವಿಚಾರಕರು ಹಾಕಿದ್ದ ಷರತ್ತು ಕೇಳ್ರಿ: ಬಿದ್ದ ಬಿಳಿಯನ ಎದುರು ನಗಬಾರದು, ಬಿಳಿ ಹೆಂಗಸಿನ ಜೊತೆ ಫೋಟೊ ತೆಗೆಸಿಕೊಳ್ಳಬಾರದು. ಅಂದರೆ ಜಾನ್ಸನ್‌ನಂತೆ ಇರಬಾರದು. ಆಮೇಲೆ ಅವನು ಸೈನ್ಯ ಸೇರಿದ. ಕಾಕಾ, ಅದಕ್ಕೆ ನನ್ನದೂ ಸಲಾಮು. ಆದರೆ ಆ ಸೈನ್ಯದಲ್ಲಿ ಕಪ್ಪು ಸೈನಿಕರಿಗೆ ಬೇರೆ ತುಕಡಿ. ಅದನ್ನು ತೆಗೆಯುವ ಆದೇಶ ಬಂದದ್ದು 1948ರಲ್ಲಿ.

ಇಂಥ ಗೆಲುವು ನಮ್ಮ ಪಕ್ಕದಲ್ಲೇ ಇದೆ. ಧಾರವಾಡದಲ್ಲಿ ಹುಟ್ಟಿದ ಪಾಳ್ವಣಕರ್ ಬಾಳೂ, ಚಮ್ಮಾರ ಕುಟುಂಬದವರು. ಅವರ ಎಡಗೈ ಸ್ಪಿನ್ ಬೇಕಿತ್ತು, ಯಾಕಂದ್ರ ಯುರೋಪಿಯನ್ ತಂಡವನ್ನು ಸೋಲಿಸಬೇಕಿತ್ತು. ಮೈದಾನದಲ್ಲಿ ಜೊತೆಗೆ ಆಡಿಸಿದರು, ಚಹಾ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕಪ್ಪಿನಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲರಿಗೆ ಸಿಕ್ಕದ್ದು 1923ರಲ್ಲಿ. ಬೇಕಾದಾಗ ಒಳಗೆ ಕರೆಯೋದು ಬೇರೆ, ನಾವಾಗೇ ಒಳಗೆ ಹೋಗೋದು ಬೇರೆ. ಬಾಳೂ ಸಣ್ಣವರು ಅಂತ ನಾನು ಹೇಳ್ತಿಲ್ಲ. ಅವರನ್ನು ಕರೆದವರು ಸಣ್ಣವರು.

ಇನ್ನು ಅಲಿ. ಹುಡುಗಾ, ಅಲಿ ನನಗೂ ದೊಡ್ಡವನೇ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದು ಪಟ್ಟ ಕಳಕೊಂಡ, ಮೂರೂವರೆ ವರ್ಷ ಕಣದಿಂದ ಹೊರಗಿದ್ದ. 1971ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅವನ ಶಿಕ್ಷೆ ರದ್ದು ಮಾಡಿತು. ಅದು ನಿಜವಾದ ಗೆಲುವು. ಆದರೆ ಕಿನ್ಶಾಸಾ? ಇಬ್ಬರಿಗೂ ತಲಾ 50 ಲಕ್ಷ ಡಾಲರ್ ಕೊಡ್ತೀನಿ ಅಂದು ಆ ಪಂದ್ಯ ಆಡಿಸಿದವನು ಸರ್ವಾಧಿಕಾರಿ ಮೊಬುಟು. ಇನ್ನೊಂದು ನೋವು ಇದೆ. ಅಲಿ ಹೊರಗಿದ್ದಾಗ ಅವನ ಪರವಾಗಿ ಮಾತಾಡಿದವನು ಜೋ ಫ್ರೇಜಿಯರ್, ದಕ್ಷಿಣದ ಬಡ ಕೂಲಿ ಕುಟುಂಬದ ಮಗ. ಅದೇ ಫ್ರೇಜಿಯರ್‌ನನ್ನು 1975ರ ಮನಿಲಾ ಪಂದ್ಯದ ಮುಂಚೆ ಅಲಿ 'ಗೊರಿಲ್ಲಾ' ಅಂತ ಕರೆದು ಜಗತ್ತನ್ನು ನಗಿಸಿದ. ಬಿಳಿಯರು ಶತಮಾನಗಳಿಂದ ಬೈದ ಬೈಗುಳ ಅದು. ಪಂದ್ಯ ಅಲಿ ಗೆದ್ದ. ಆ ಮಾತನ್ನು ಫ್ರೇಜಿಯರ್ ಬಹುಕಾಲ ಮರೆಯಲಿಲ್ಲ.

ಹಾಗಾದರೆ ಜಾನ್ಸನ್ ಶುದ್ಧನೇ? ಇಲ್ಲ. ಇದನ್ನೂ ಬರೀಲೇಬೇಕು. ಪಟ್ಟ ಬಂದ ಮೇಲೆ ಅವನೇ ಗೆರೆ ಎಳೆದ. ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೀನೆಟ್, ಸ್ಯಾಮ್ ಮ್ಯಾಕ್‌ವಿಯಾ, ಮೂವರೂ ಕಪ್ಪು ಜನ, ಮೂವರೂ ಪಟ್ಟಕ್ಕೆ ಯೋಗ್ಯರು. ಒಬ್ಬನಿಗೂ ಅವಕಾಶ ಕೊಡಲಿಲ್ಲ. ಚಾಂಪಿಯನ್ ಆಗಿದ್ದಾಗ ಕಪ್ಪು ಎದುರಾಳಿಯ ಜೊತೆ ಪಟ್ಟಕ್ಕಾಗಿ ಆಡಿದ್ದು ಒಂದೇ ಸಲ, 1913ರಲ್ಲಿ, ಪ್ಯಾರಿಸ್ಸಿನಲ್ಲಿ, ಈ ಮೂವರಲ್ಲದ ಇನ್ನೊಬ್ಬನ ಜೊತೆ. ಲ್ಯಾಂಗ್‌ಫರ್ಡ್ ಕೊನೆಗೆ ಕಣ್ಣು ಕಳಕೊಂಡ. 1944ರಲ್ಲಿ ಪತ್ರಕರ್ತನೊಬ್ಬ ಹುಡುಕಿಕೊಂಡು ಹೋದಾಗ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಡುಬಡತನದಲ್ಲಿದ್ದ.

ಇದು ಬರೀ ಅಮೆರಿಕದ ಕತೆಯೇನ್ರಿ? ಒಳಮೀಸಲಾತಿ ಮಾಡಲು ರಾಜ್ಯಗಳಿಗೆ ಅಧಿಕಾರ ಇದೆ ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಮ್ಮ ಗುಂಪುಗಳಲ್ಲಿ ಬಂದ ಮೆಸೇಜುಗಳನ್ನು ನೆನಪು ಮಾಡ್ಕೊಳ್ರಿ. ಎಡ ಬಲ ಅಂತ ಒಬ್ಬರಿಗೊಬ್ಬರು ಬಳಸಿದ ಪದಗಳು ಹೊರಗಿನವರು ನಮಗೆ ಬಳಸಿದವೇ ಆಗಿದ್ದವು. ನೌಕರಿ ಸಿಕ್ಕವರ ಪೈಕಿ ನಾನೂ ಒಬ್ಬ. ನಾನು ಒಳಗೆ ಬಂದ ಮೇಲೆ ನನ್ನ ಹಿಂದೆ ಇದ್ದವರಿಗೆ ಬಾಗಿಲು ಹಿಡಿದು ನಿಂತೆನೋ, ಇಲ್ಲಾ ಚಿಲಕ ಹಾಕಿದೆನೋ ಅಂತ ನನ್ನನ್ನೇ ಕೇಳ್ಕೊಂಡು ಇದನ್ನು ಬರೆದಿದ್ದೀನಿ.

ಅದಕ್ಕೇ ಇಷ್ಟೆಲ್ಲ ಗೊತ್ತಿದ್ದೂ ನನ್ನ ಉತ್ತರ ಸಿಡ್ನಿ, 1908. ಮುಟ್ಟಬಾರದು ಅಂದವನನ್ನು ಮುಟ್ಟಿ, ಬೇರೆ ಕಪ್ಪನ್ನು ಒಡೆದ ದಿನ ಅದು. ಆದರೆ ಅದನ್ನು ಅರ್ಧ ಗೆಲುವು ಅಂತಲೇ ಕರೀತೀನಿ. ಉಳಿದರ್ಧ ಲ್ಯಾಂಗ್‌ಫರ್ಡ್‌ಗೆ ಸಿಗಬೇಕಿತ್ತು.

ನಿನ್ನೆ ಆ ಹುಡುಗನಿಗೆ ಇಷ್ಟೂ ಹೇಳಿದೆ. ಕೇಳಿಸಿಕೊಂಡು, "ಅಣ್ಣಾ, ಲ್ಯಾಂಗ್‌ಫರ್ಡ್ ವಿಡಿಯೊ ಸಿಗ್ತಾವೇನು?" ಅಂದ. ಹುಡುಕೋಣ ಅಂದೆ. ಕಾಕಾ ಮಾತ್ರ ಇನ್ನೂ ಲೂಯಿಸ್‌ನನ್ನು ಬಿಟ್ಟುಕೊಟ್ಟಿಲ್ಲ. ನಿಮ್ಮ ಆಯ್ಕೆ ಯಾವುದು, ಯಾಕೆ ಅಂತ ನೀವೂ ಬರೀರಿ.

ಜೈ ಭೀಮ್.