ಲೆಕ್ಕ ಕೇಳುವವರು ಯಾರು?

ಬಂಧುಗಳೇ, ಜುಲೈ 1 ಬಂದರೆ ಸಾಕು, ಲೆಕ್ಕಪರಿಶೋಧಕರ ದಿನದ ಶುಭಾಶಯ ಎಲ್ಲರ ಸ್ಟೇಟಸ್‌ನಲ್ಲಿ. 1949ರ ಅದೇ ದಿನ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಜಾರಿಗೆ ಬಂತು, ಸಂತೋಷ. ಆದರೆ ಅದಕ್ಕೆ ಒಂದು ತಿಂಗಳು ಮೊದಲು, ಮೇ 30ರಂದು, ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹೇಳಿದ್ದನ್ನು ಯಾರೂ ಹಾಕುವುದಿಲ್ಲ. ದೇಶದ ಮಹಾಲೇಖಪಾಲರು ಬಹುಶಃ ಸಂವಿಧಾನದ ಅತಿ ಮುಖ್ಯ ಅಧಿಕಾರಿ, ಅವರ ಕೆಲಸ ನ್ಯಾಯಾಂಗದ್ದಕ್ಕಿಂತಲೂ ದೊಡ್ಡದು ಅಂದಿದ್ದರು. ಯಾಕೆ? ಸದನ ಒಂದಕ್ಕೆ ಅಂತ ಕೊಟ್ಟ ಹಣ ಇನ್ನೊಂದಕ್ಕೆ ಹೋಗದ ಹಾಗೆ ಕಾಯುವವರು ಅವರು. 1925ರಲ್ಲೇ ಪ್ರಾಂತೀಯ ಹಣಕಾಸಿನ ಮೇಲೆ ಪುಸ್ತಕ ತಂದವರಿಗೆ ಹಣ ದಾರಿ ತಪ್ಪುವುದು ಎಲ್ಲಿ ಅಂತ ಗೊತ್ತಿತ್ತು.

ನಮ್ಮದು ಬ್ಯಾಂಕುಗಳ ನೆಲ ಮಾರಾಯ್ರೆ. ಮಂಗಳೂರಿನ ಕೆನರಾ, ಉಡುಪಿಯ ಕಾರ್ಪೊರೇಷನ್ ಎರಡೂ ಹುಟ್ಟಿದ್ದು 1906ರಲ್ಲಿ. ಸಹಕಾರ ಚಳವಳಿಯ ಮೊಳಹಳ್ಳಿ ಶಿವರಾಯರು ಪುತ್ತೂರಿನವರೇ. ಇಷ್ಟು ಲೆಕ್ಕ ಬಲ್ಲ ಜಿಲ್ಲೆಯಲ್ಲಿ ಮೂಲದಾಳುಗಳ ಲೆಕ್ಕ ಮಾತ್ರ ಧಣಿಯ ಪುಸ್ತಕದಲ್ಲಿತ್ತು. ತನ್ನ ಸಾಲ ಎಷ್ಟು ಅಂತ ನನ್ನ ಅಜ್ಜನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಬರೆದವರೂ ಧಣಿ, ಕೂಡಿಸಿದವರೂ ಧಣಿ.

ಈಗಲೂ ರೋಗ ಅದೇ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಹಣ ಎತ್ತಿಡಬೇಕು ಅಂತ 2013ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಅದರೊಳಗೇ 7ಡಿ ಕಲಂ ಇಟ್ಟಿತು. ಎಲ್ಲರೂ ಬಳಸುವ ರಸ್ತೆ, ಸೇತುವೆಯ ಖರ್ಚಿನಲ್ಲಿ ಒಂದು ಪಾಲನ್ನು ನಮಗೇ ಆಯಿತು ಅಂತ ಬರೆದುಕೊಳ್ಳಬಹುದಿತ್ತು. ಹೋರಾಟದ ನಂತರ 2023ರಲ್ಲಿ ಅದು ಹೋಯಿತು. ಮರುವರ್ಷದ ಬಜೆಟ್‌ನಲ್ಲಿ ನಮಗೆ ಇಟ್ಟ 39,121 ಕೋಟಿಯಲ್ಲಿ 14,282 ಕೋಟಿ ಗ್ಯಾರಂಟಿಗಳ ಲೆಕ್ಕಕ್ಕೆ ಸೇರಿತು. ಗ್ಯಾರಂಟಿ ನಮ್ಮವರಿಗೂ ಸಿಗ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲರಿಗೂ ಬಡಿಸಿದ ಊಟವನ್ನು ನಮ್ಮ ಪಾಲಿನ ಅಕ್ಕಿಯಲ್ಲಿ ಬೇಯಿಸುವುದು ಯಾವ ನ್ಯಾಯ? ಆಡಿಟ್‌ನವರು ಬಂದರೆ ಆದೇಶ ಉಂಟು, ವೋಚರ್ ಉಂಟು, ಮೊತ್ತ ತಾಳೆಯಾಗ್ತದೆ. ಹಣ ಕಾಲನಿಗೆ ಮುಟ್ಟಿತಾ ಅಂತ ಕೇಳುವ ಕಾಲಂ ಅವರ ಫಾರ್ಮಿನಲ್ಲಿ ಎಲ್ಲುಂಟು?

ವೋಚರ್ ನೋಡುವ ಆಡಿಟ್ ಕಳ್ಳತನವನ್ನಾದರೂ ಹಿಡಿಯುತ್ತದಾ? ವಾಲ್ಮೀಕಿ ನಿಗಮದ ಕೋಟಿಗಟ್ಟಲೆ ಹಣ ಹೊರಗೆ ಹೋದದ್ದು 2024ರಲ್ಲಿ ನಾಡಿಗೆ ಗೊತ್ತಾದದ್ದು ಆಡಿಟ್ ವರದಿಯಿಂದಲ್ಲ, ಅಲ್ಲಿನ ಲೆಕ್ಕ ವಿಭಾಗದ ನೌಕರರೊಬ್ಬರ ಮರಣಪತ್ರದಿಂದ.

ದಾರಿ ತೋರಿಸಿದ್ದು ಅಕ್ಷರ ಬಾರದ ಕೂಲಿಯವರು. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್‌ಕಿರಾನಾ ಊರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿ ಹಾಜರಿ ಪಟ್ಟಿಯನ್ನು ಜನರ ಎದುರು ಗಟ್ಟಿಯಾಗಿ ಓದಿಸಿದರು. ಕೆಲಸಕ್ಕೇ ಹೋಗದವರ ಹೆಸರೂ ಅದರಲ್ಲಿತ್ತು. ಅದೇ ಯೋಚನೆ 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಆಯಿತು, ಸಾಮಾಜಿಕ ಪರಿಶೋಧನೆ ಗ್ರಾಮಸಭೆಯ ಹಕ್ಕಾಯಿತು.

ಈ ಕಡೆ ನಾನು ಕೂತ ಒಂದು ಸಭೆಯ ಕಥೆ ಕೇಳಿ. ಬೆಳಿಗ್ಗೆ ಹತ್ತೂವರೆಗೆ ಇಟ್ಟಿದ್ದರು. ನಮ್ಮವರೆಲ್ಲ ಆಗ ರಬ್ಬರ್ ಟ್ಯಾಪಿಂಗ್‌ನಲ್ಲಿ, ಅಡಿಕೆ ತೋಟದಲ್ಲಿ. ಒಟ್ಟು ಮೊತ್ತ ಓದಿದರು, ಚಾ ಕೊಟ್ಟರು, ಮುಗಿಯಿತು.

ಈಶ್ವರಮಂಗಲದ ಬಂಧುಗಳೇ, ಮುಂದಿನ ಸಭೆ ಸಂಜೆ, ಕಾಲನಿಯಲ್ಲೇ ಆಗಲಿ ಅಂತ ಅರ್ಜಿ ಬರೆದಿದ್ದೇನೆ. ಒಂದೊಂದೇ ಕಾಮಗಾರಿಯನ್ನು ಹೆಸರು, ಮೊತ್ತ ಸಮೇತ ತುಳುವಿನಲ್ಲಿ ಓದಬೇಕು ಅಂತಲೂ ಕೇಳಿದ್ದೇನೆ. ಸಹಿ ಹಾಕುವವರು ಭಾನುವಾರದೊಳಗೆ ನನಗೆ ಫೋನ್ ಮಾಡಿ. ಹೆಬ್ಬೆಟ್ಟಾದರೂ ಸರಿ.

ಜೈ ಭೀಮ್.