ಮನ್ರೇಸಾದಿಂದ ಮಿದುಳಿನವರೆಗೆ

1522ರಲ್ಲಿ ಸ್ಪೇನಿನ ಮನ್ರೇಸಾ ಪಟ್ಟಣದಲ್ಲಿ ತಂಗಿದ್ದ ಲೊಯೋಲಾದ ಸಂತ ಇಗ್ನೇಷಿಯಸರು ಅಂತಃಸಾಕ್ಷಿಯ ಶಂಕೆಗಳಿಂದ ತೀವ್ರವಾಗಿ ನೊಂದರು. ಪೂರ್ಣ ಪಾಪನಿವೇದನೆ ಮಾಡಿ ಮುಗಿಸಿದ್ದರೂ ಏನೋ ಉಳಿದುಹೋಗಿದೆ ಎಂಬ ಭೀತಿ ಅವರನ್ನು ಬಿಡಲಿಲ್ಲ. ತೀರಾ ಸ್ಪಷ್ಟವಾದುದಲ್ಲದೆ ಹಳೆಯ ಪಾಪಗಳನ್ನು ಮತ್ತೆ ನಿವೇದಿಸಕೂಡದೆಂದು ಗುರುಗಳು ಆಜ್ಞಾಪಿಸಿದರು. ಎಲ್ಲವೂ ಸ್ಪಷ್ಟವಾಗಿಯೇ ತೋರುತ್ತಿದ್ದವರಿಗೆ ಆ ಆಜ್ಞೆಯಿಂದೇನು ಪ್ರಯೋಜನ? ಪ್ರಾಣ ಕಳೆದುಕೊಳ್ಳುವ ಪ್ರಚೋದನೆಯೂ ಬಂದಿತ್ತೆಂದು ಅವರ ಆತ್ಮಕಥನ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ.

ಪಾಪನಿವೇದನೆಯನ್ನು ಆಲಿಸುವ ಗುರುಗಳಿಗೆ ಇಂಥವರು ಅಪರಿಚಿತರಲ್ಲ. ವಿಶ್ವಾಸ ಸಾಲದೆಂದು ಗದರಿಸಿ ಕಳುಹಿಸುವುದು ಸುಲಭ. ಆದರೆ ಈ ಭಯದ ಬೇರು ಎಲ್ಲಿದೆ?

1895ರಲ್ಲಿ ವಿಯೆನ್ನಾದ ನರವೈದ್ಯ ಸಿಗ್ಮಂಡ್ ಫ್ರಾಯ್ಡ್, ಮನಸ್ಸಿನ ವ್ಯಾಪಾರಗಳನ್ನೆಲ್ಲ ನರಕೋಶಗಳ ಭಾಷೆಯಲ್ಲಿ ವಿವರಿಸಲು ಯತ್ನಿಸಿ, ಕೆಲವೇ ತಿಂಗಳಲ್ಲಿ ಕೈಬಿಟ್ಟರು. ಆ ಹಸ್ತಪ್ರತಿ ಅಚ್ಚಾದದ್ದು ಅವರ ಮರಣಾನಂತರ, 1950ರಲ್ಲಿ. ಮಿದುಳಿನ ಒಳಗನ್ನು ನೋಡುವ ಸಾಧನಗಳೇ ಆಗ ಇರಲಿಲ್ಲ. ಅಲ್ಲಿಂದ ಮುಂದೆ ಮನೋಚಿಕಿತ್ಸೆ ಒಂದು ದಾರಿ ಹಿಡಿಯಿತು, ನರವಿಜ್ಞಾನ ಮತ್ತೊಂದು ದಾರಿ ಹಿಡಿಯಿತು.

ಇವೆರಡೂ ಮತ್ತೆ ಸಂಧಿಸಿದ್ದು ಭಯದ ಅಧ್ಯಯನದಲ್ಲಿ. 1980ರ ದಶಕದಲ್ಲಿ ನ್ಯೂಯಾರ್ಕಿನ ಜೋಸೆಫ್ ಲೆಡೂ ಇಲಿಗಳ ಮೇಲೆ ಪ್ರಯೋಗ ನಡೆಸಿ, ಅಪಾಯದ ಸೂಚನೆಯು ಮಿದುಳಿನ ಹೊರಪದರದ ವಿವೇಚನೆಗೆ ಕಾಯದೆ, ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗವನ್ನು ಹತ್ತಿರದ ದಾರಿಯಿಂದಲೂ ತಲುಪುತ್ತದೆಂದು ತೋರಿಸಿದರು. ಹೀಗಿರುವಾಗ 'ಹೆದರಬೇಡ' ಎಂಬ ಉಪದೇಶ ಅನೇಕ ವೇಳೆ ತಡವಾಗಿಯೇ ಬರುತ್ತದೆ! ಒಮ್ಮೆ ಕಲಿತ ಪ್ರತಿಕ್ರಿಯೆ ಅಳಿದಂತೆ ಕಂಡರೂ ಸ್ವಲ್ಪ ಕಾಲದ ನಂತರ ಮರಳಬಲ್ಲದೆಂದು ರಷ್ಯಾದ ಪಾವ್ಲೋವ್ ಮೊದಲೇ ಗಮನಿಸಿದ್ದರು. ಹಳೆಯ ಪಾಠ ಪೂರ್ತಿ ಅಳಿಯುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಪಾಠವೊಂದನ್ನು ಮತ್ತೆ ಮತ್ತೆ ಕಲಿಯಬೇಕಾಗುತ್ತದೆ.

ಗೀಳುರೋಗದ ಚಿಕಿತ್ಸೆ ನಿಂತಿರುವುದು ಈ ಕಲಿಕೆಯ ಮೇಲೆಯೇ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್, ರೋಗಿಗಳು ಅಂಜುವ ಸನ್ನಿವೇಶಕ್ಕೆ ಅವರನ್ನು ಒಡ್ಡಿ, ತೊಳೆಯುವುದೇ ಮುಂತಾದ ಪರಿಹಾರಕ್ರಿಯೆಗಳಿಂದ ತಡೆದು, ಜೊತೆಗಿದ್ದು ನಡೆಸಿದ ಚಿಕಿತ್ಸೆಯ ಫಲವನ್ನು ಪ್ರಕಟಿಸಿದರು. ಮನ್ರೇಸಾದ ಗುರುಗಳ ಆಜ್ಞೆಗೂ ಇದಕ್ಕೂ ಹೋಲಿಕೆಯಿದೆ. ಆದರೆ ಬರಿಯ ಆಜ್ಞೆ ಬೇರೆ, ಜೊತೆಗಿದ್ದು ಹಂತಹಂತವಾಗಿ ಕಲಿಸುವುದು ಬೇರೆ. 1992ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು 9 ಮಂದಿಗೆ ಔಷಧವನ್ನೂ 9 ಮಂದಿಗೆ ವರ್ತನಾಚಿಕಿತ್ಸೆಯನ್ನೂ ನೀಡಿ, ಮೊದಲೂ ಸುಮಾರು 10 ವಾರಗಳ ನಂತರವೂ ಅವರ ಮಿದುಳಿನ ಚಿತ್ರಗಳನ್ನು ತೆಗೆದರು. ಗುಣ ಕಂಡವರಲ್ಲಿ, ಚಿಕಿತ್ಸೆ ಯಾವುದೇ ಆಗಿರಲಿ, ಬಲಗಡೆಯ ಕಾಡೇಟ್ ಎಂಬ ಭಾಗದ ಅತಿ ಚಟುವಟಿಕೆ ತಗ್ಗಿತ್ತು. ಗುಳಿಗೆಯಿಲ್ಲದ ಚಿಕಿತ್ಸೆಯೂ ಮಿದುಳನ್ನು ಮುಟ್ಟಿತ್ತು!

ಇಷ್ಟರಿಂದಲೇ ಆತ್ಮವೆಂಬುದಿಲ್ಲ, ಮಿದುಳೇ ಸರ್ವಸ್ವ ಎನ್ನುವವರು ಆತುರಗಾರರು. ಕೆಲವೇ ಮಂದಿಯ ಚಿತ್ರಗಳು ಅಷ್ಟು ದೂರ ಸಾಕ್ಷಿ ನುಡಿಯಲಾರವು. ಪ್ರಾರ್ಥನೆಯೊಂದೇ ಸಾಕು ಎನ್ನುವವರೂ ಧರ್ಮಸಭೆಯ ನಿಲುವನ್ನು ಅರಿತವರಲ್ಲ. ಜಗದ್ಗುರು ಹನ್ನೆರಡನೆಯ ಪಿಯುಸರು 1953ರ ಏಪ್ರಿಲ್‌ನಲ್ಲಿ ಮನೋಚಿಕಿತ್ಸಕರ ಅಂತರರಾಷ್ಟ್ರೀಯ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡಿದ್ದರು. ಪಾಲನಾಸೇವೆಯಲ್ಲಿ ಮನಶ್ಶಾಸ್ತ್ರದ ಫಲಗಳನ್ನೂ ಬಳಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿತು. ಒಂದೇ ಪಾಪವನ್ನು ಹತ್ತನೆಯ ಬಾರಿ ನಿವೇದಿಸಲು ಬಂದವರಿಗೆ ಕ್ಷಮಾದಾನದ ಭರವಸೆಯ ಜೊತೆಗೆ ನುರಿತ ಮನೋಚಿಕಿತ್ಸಕರ ವಿಳಾಸವನ್ನೂ ಬರೆದುಕೊಡುವುದು ಗುರುವಿನ ಕೆಲಸವೇ ಹೌದು.