ಬಾಣಂತಿ ಕೋಣೆಯ ಬಾಗಿಲು

ಬಾಣಂತನವೆಂದರೆ ನಮ್ಮಲ್ಲಿ ಬಾಗಿಲು ಮುಚ್ಚಿಕೊಳ್ಳುವ ಕಾಲ. ಗಾಳಿ ಸೋಕಬಾರದು, ದೃಷ್ಟಿ ತಾಗಬಾರದು, ಹೊರಗಿನವರು ಒಳಗೆ ಕಾಲಿಡಬಾರದು. ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ, ಎಣ್ಣೆನೀರು, ಮೆಣಸಿನ ಸಾರು. ಆ ಕತ್ತಲೆ ಕೋಣೆಯಲ್ಲಿ ಅಕ್ಕರೆಗೇನೂ ಕೊರತೆಯಿರಲಿಲ್ಲ. ಆದರೆ ಹೆಸರಿಡುವ ಮೊದಲೇ ಕಣ್ಣು ಮುಚ್ಚಿದ ಕೂಸನ್ನು ಲೆಕ್ಕಕ್ಕೆ ಹಿಡಿಯುವ ರೂಢಿಯೂ ಅನೇಕ ಮನೆಗಳಲ್ಲಿ ಇರಲಿಲ್ಲ. 'ಋಣವಿದ್ದದ್ದು ಅಷ್ಟೇ' ಎಂದು ಹಿರಿಯರು ಹೇಳಿಬಿಟ್ಟರೆ ಮಾತು ಮುಗಿಯುತ್ತಿತ್ತು.

ಆ ಬಾಗಿಲು ದಾಟುವ ಹಕ್ಕಿದ್ದವಳು ಸೂಲಗಿತ್ತಿ. ಅವಳನ್ನು ಹಗುರವಾಗಿ ಕಾಣುವಂತಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಖ್ಯಾತರಾದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ ಎಲ್ಲ ಊರಿಗೂ ನರಸಮ್ಮ ಸಿಗುವುದಿಲ್ಲವಲ್ಲ! ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಿಂದ ಧನುರ್ವಾಯು ಬರುತ್ತದೆಂಬ ತಿಳಿವಳಿಕೆ ಹಳ್ಳಿಗೆ ಬರಲು ಬಹಳ ಕಾಲ ಹಿಡಿಯಿತು.

ಮನೆಮನೆಗೆ ಹೋಗಿ ಬಾಣಂತಿಯನ್ನು ನೋಡಿ ಬರಲೆಂದೇ ಹೆಂಗಸರನ್ನು ತರಬೇತು ಮಾಡಬೇಕೆಂಬ ವಿಚಾರದಿಂದ 1918ರಲ್ಲಿ ದೆಹಲಿಯಲ್ಲಿ ಲೇಡಿ ರೀಡಿಂಗ್ ಆರೋಗ್ಯ ಶಾಲೆ ಆರಂಭವಾಯಿತು. ವಿಚಾರ ದೊಡ್ಡದು, ಕೈಗಳು ಕಡಿಮೆ. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಲೆಕ್ಕ ನೋಡಿದರೆ ಎದೆ ಧಸಕ್ಕೆನ್ನುತ್ತದೆ. 1937ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 162 ಕೂಸುಗಳಿಗೆ ಮೊದಲ ವರ್ಷ ತುಂಬಲಿಲ್ಲ. ಪ್ರತಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ಇಷ್ಟು ದೊಡ್ಡ ದೇಶಕ್ಕೆ ಆರೋಗ್ಯ ಸಂದರ್ಶಕಿಯರು ಇದ್ದದ್ದು 750 ಮಂದಿ; ನಾಲ್ಕು ಲಕ್ಷ ಜನಕ್ಕೆ ಒಬ್ಬಳು. ಅವಳು ಯಾವ ಬಾಗಿಲು ತಟ್ಟಿಯಾಳು?

ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ, ಎ.ಎನ್.ಎಂ. ಎಂಬ ಮೂರಕ್ಷರದ ಸಹಾಯಕ ದಾದಿ ಹಳ್ಳಿಗೆ ಬಂದಳು. ಜನ ಅವಳನ್ನು 'ನರ್ಸಮ್ಮ' ಎಂದು ಕರೆದರು. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ ಮೂರು ಸಾವಿರಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಚುಚ್ಚುಮದ್ದು, ಗರ್ಭಿಣಿಯರ ನೋಂದಣಿ, ಕುಟುಂಬ ಯೋಜನೆಯ ಗುರಿ, ರಿಜಿಸ್ಟರುಗಳ ರಾಶಿ, ಇಷ್ಟೂ ಅವಳ ಹೆಗಲ ಮೇಲೆ. ಕೂಸು ಹುಟ್ಟಿದ ಮೂರನೆಯ ದಿನವೇ ಎಲ್ಲ ಮನೆಗೂ ಬಾ ಎಂದರೆ ಅವಳಿಗಿದ್ದದ್ದು ಎರಡೇ ಕಾಲು. ಆದರೆ ಮೊದಲ ವರ್ಷದ ಸಾವುಗಳಲ್ಲಿ ಹೆಚ್ಚಿನವು ಮೊದಲ 28 ದಿನಗಳಲ್ಲೇ ಆಗುತ್ತವೆ.

ಈ ಗಂಟನ್ನು ಬಿಚ್ಚಿ ತೋರಿಸಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿ. ಅಲ್ಲಿನ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರ 'ಸರ್ಚ್' ಸಂಸ್ಥೆ 39 ಹಳ್ಳಿಗಳಲ್ಲಿ ಅದೇ ಊರಿನ, ಅಲ್ಪಸ್ವಲ್ಪ ಓದಿದ ಹೆಂಗಸರನ್ನು ತರಬೇತು ಮಾಡಿತು. ಉಸಿರುಗಟ್ಟಿದ ಕೂಸಿಗೆ ಉಸಿರು ತುಂಬುವುದು, ತೂಕ ಹಿಡಿಯುವುದು, ಬೆಚ್ಚಗಿಡುವುದು, ಎದೆಹಾಲು ಹಿಡಿಸುವುದು, ನಂಜು ಕಂಡರೆ ಸೂಜಿಮದ್ದು ಕೊಡುವುದು ಅವರ ಕೆಲಸ. ಹಳ್ಳಿಯ ಹೆಂಗಸಿನ ಕೈಗೆ ಸೂಜಿಯೇ ಎಂದು ಹುಬ್ಬೇರಿಸಬಹುದು. ಉತ್ತರ ಅಂಕಿಯಲ್ಲಿದೆ: 1993-95ರಲ್ಲಿ ಸಾವಿರಕ್ಕೆ 62 ಇದ್ದ ನವಜಾತ ಶಿಶುಗಳ ಸಾವು 1997-98ರ ಹೊತ್ತಿಗೆ ಸುಮಾರು 25ಕ್ಕೆ ಇಳಿಯಿತು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೂಡ ಮನೆಭೇಟಿಯನ್ನು ಶಿಫಾರಸು ಮಾಡಿದವು.

ನಮ್ಮ ದೇಶದಲ್ಲಿ 2005ರಲ್ಲಿ ಆಶಾ ಕಾರ್ಯಕರ್ತೆ ಬಂದಳು. 2011ರಲ್ಲಿ ಮನೆಯಲ್ಲೇ ನವಜಾತ ಶಿಶುವನ್ನು ನೋಡಿಕೊಳ್ಳುವ ಕೆಲಸ ಅವಳ ಪಾಲಿಗೆ ಬಂತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಅವಳು ಬರಬೇಕು. ಮನೆಯಲ್ಲಾದರೆ ಮೊದಲ ದಿನವೂ. ಕೂಸಿನ ಮೈ ತಣ್ಣಗಿದೆಯೇ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದೆಯೇ, ಮೊಲೆ ಬಿಟ್ಟಿದೆಯೇ, ತಾಯಿಗೆ ಜ್ವರವೋ ರಕ್ತಸ್ರಾವವೋ ಎಂದು ನೋಡಬೇಕು. ಈ ಎಲ್ಲ ಭೇಟಿಗಳಿಗೂ ಸೇರಿ ಆ ನಿಯಮದಲ್ಲಿ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ! 2025ರ ಜನವರಿಯಲ್ಲಿ ಈ ಹೆಂಗಸರು ಗೌರವಧನ ಹೆಚ್ಚಿಸಿರೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತಿದ್ದರಲ್ಲಿ ಆಶ್ಚರ್ಯವೇನು?

ಈಗ ಹೆರಿಗೆ ಆಸ್ಪತ್ರೆಗೆ ಹೋಗಿದೆ, ಇನ್ನು ಮನೆಗೆ ಯಾರು ಬಂದರೇನು ಎನ್ನುವವರಿದ್ದಾರೆ. ಆಸ್ಪತ್ರೆ ಸಾಮಾನ್ಯ ಹೆರಿಗೆಯ ತಾಯಿಯನ್ನು ಎರಡು ಮೂರು ದಿನಕ್ಕೆ ಕಳಿಸುತ್ತದೆ. ಉಳಿದ ಅಪಾಯದ ದಿನಗಳು ಕಳೆಯುವುದು ಅದೇ ಹಳೆಯ ಕೋಣೆಯಲ್ಲಿ. ಅದರಲ್ಲೂ ನಮ್ಮದು ತವರಿನ ಬಾಣಂತನ. ಬಸುರಿಯನ್ನು ನೋಂದಾಯಿಸಿಕೊಂಡವಳು ಗಂಡನೂರಿನ ಆಶಾ. ಕೂಸು ಮಲಗಿರುವುದು ತವರೂರಿನ ತೊಟ್ಟಿಲಲ್ಲಿ. ಎರಡು ಊರುಗಳ ಪುಸ್ತಕಗಳ ನಡುವೆ ಒಂದು ಕೂಸು ತಪ್ಪಿಹೋಗಲು ಹೆಚ್ಚು ಹೊತ್ತು ಬೇಡ. ತವರಿಗೆ ಹೋಗುವ ಮಗಳು ಸೀರೆ ಕುಪ್ಪಸದ ಜೊತೆ ತಾಯಿ ಕಾರ್ಡನ್ನೂ ಇಟ್ಟುಕೊಂಡು, ಬಂದೊಡನೆ ಅಲ್ಲಿನ ಆಶಾಗೆ ಹೇಳಿಕಳಿಸಿದರೆ ಅರ್ಧ ಕೆಲಸ ಆದಂತೆ.

ಕರ್ನಾಟಕದಲ್ಲಿ 2020ರ ಹೊತ್ತಿಗೆ ಶಿಶುಮರಣ ಸಾವಿರಕ್ಕೆ 19ಕ್ಕೆ ಇಳಿದಿತ್ತು. 2018-20ರ ಲೆಕ್ಕದಲ್ಲಿ ತಾಯಂದಿರ ಮರಣ ಲಕ್ಷ ಜನನಕ್ಕೆ 69. ಇದರಲ್ಲಿ ಲಸಿಕೆಯ ಪಾಲಿದೆ, ಆಸ್ಪತ್ರೆಯ ಪಾಲಿದೆ, ರಸ್ತೆಯ ಪಾಲೂ ಇದೆ. ಬಿಸಿಲಲ್ಲಿ ನಡೆದು ಬಂದವಳ ಪಾಲನ್ನು ಬೇರೆ ಮಾಡಿ ತೂಗುವುದು ಕಷ್ಟ. ಆದರೆ ಮೂರನೆಯ ದಿನ ಅವಳು ತೂಕದ ಜೋಳಿಗೆ ಹಿಡಿದು ಬಂದಾಗ 'ಗಾಳಿ ಸೋಕುತ್ತದೆ' ಎಂದು ಅಜ್ಜಿಯರು ಬಾಗಿಲಲ್ಲೇ ನಿಲ್ಲಿಸಬಾರದು. ಕೈ ತೊಳೆಯಲು ಒಂದು ಚೊಂಬು ನೀರು, ಕುಳಿತುಕೊಳ್ಳಲು ಒಂದು ಚಾಪೆ ಕೊಟ್ಟರೆ ಸಾಕು.